ಒಂಬತ್ತು ವರ್ಷ ಬಳಸಿದ ಲೇಸರ್ ಪ್ರಿಂಟರ್: ಮೆಷಿನ್ ಗಟ್ಟಿ, ಕಾಟ ಕೊಟ್ಟಿದ್ದೆಲ್ಲ ಡ್ರೈವರ್

ದಾವಣಗೆರೆಯ ನಿಟುವಳ್ಳಿಯಲ್ಲಿ ನಂದೊಂದು ಝೆರಾಕ್ಸ್, ಡಿಟಿಪಿ ಅಂಗಡಿ ಇದೆ. 2016ರಲ್ಲಿ ತಗೊಂಡ ಚಿಕ್ಕ ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಇವತ್ತಿಗೂ ದಿನಾ ಓಡುತ್ತಿದೆ. ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ, ಮದುವೆ ಸೀಸನ್‌ನಲ್ಲಿ ಲಗ್ನಪತ್ರಿಕೆ ಪ್ರೂಫ್, ಎಲ್ಲ ಇದರಲ್ಲೇ. ಕಂಪನಿ ಹೆಸರು ಹಾಕುವುದಿಲ್ಲ, ಯಾಕಂದರೆ ನಾನು ಹೇಳುವ ತೊಂದರೆ ಈ ಥರದ ಸಣ್ಣ ಯುಎಸ್‌ಬಿ ಪ್ರಿಂಟರ್ ತುಂಬಾ ಕಡೆ ಕೊಡುತ್ತದೆ.

ಪ್ರಿಂಟ್ ಚೆನ್ನಾಗಿದೆ, ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಸಣ್ಣ ಒತ್ತಕ್ಷರವೂ ಒಡೆಯುವುದಿಲ್ಲ. ಟೋನರ್ ರೀಫಿಲ್ ಮಾಡಿಸಿಯೇ ಓಡಿಸುತ್ತಿದ್ದೇನೆ. ಪೇಪರ್ ಎಳೆಯುವ ರಬ್ಬರ್ ರೋಲರ್ ಎರಡು ಸಲ ಬದಲಾಯಿಸಿದ್ದೇನೆ, ಅಷ್ಟೇ.

ಇನ್ನು ಡ್ರೈವರ್, ಅಂದರೆ ಕಂಪ್ಯೂಟರ್ ಪ್ರಿಂಟರ್ ಜೊತೆ ಮಾತಾಡಲು ಬೇಕಾದ ಸಾಫ್ಟ್‌ವೇರ್, ಅದರ ವಿಷಯಕ್ಕೆ ಬರೋಣ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಹೋಗಿ ಬರುವುದು ಜಾಸ್ತಿ ಅಲ್ವಾ. ಕಂಪ್ಯೂಟರ್ ಯುಪಿಎಸ್ ಮೇಲಿದೆ, ಲೇಸರ್ ಪ್ರಿಂಟರ್ ಇಲ್ಲ. ಅದರ ಒಳಗೆ ಟೋನರ್ ಪುಡಿಯನ್ನು ಪೇಪರ್‌ಗೆ ಕಾಯಿಸಿ ಅಂಟಿಸುವ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ತುಂಬಾ ಕರೆಂಟು ಎಳೆಯುತ್ತದೆ, ಸಣ್ಣ ಯುಪಿಎಸ್ ತಡೆಯುವುದಿಲ್ಲ. ಹಾಗಾಗಿ ಕರೆಂಟು ಹೋದಾಗ ಪ್ರಿಂಟರ್ ಸಾಯುತ್ತದೆ, ಕಂಪ್ಯೂಟರ್ ಎದ್ದೇ ಇರುತ್ತದೆ, ಅರ್ಧ ಹೋದ ಪೇಜು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಕರೆಂಟು ಬಂದ ಮೇಲೆ ಹಸಿರು ದೀಪ ಹತ್ತುತ್ತದೆ, ಮೋಟರ್ ಒಂದು ಸಲ ಗುರ್ ಅನ್ನುತ್ತದೆ, ಪೇಪರ್ ಮಾತ್ರ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಪ್ರಿಂಟ್‌ಗೆ ಕಾದಿರುವ ಕೆಲಸಗಳ ಪಟ್ಟಿ, ಅಂದರೆ ಕ್ಯೂ, ತೆರೆದು ಆ ಜಾಬ್ ಅಳಿಸಿದರೆ 'ಡಿಲೀಟಿಂಗ್' ಅಂತ ಬರೆದುಕೊಂಡು ಹಾಗೇ ಕೂತಿರುತ್ತದೆ. ಮುಂದೆ ನಿಂತವರು "ಅಕ್ಕಾ, ಜಗಳೂರು ಬಸ್ ಹೋಗ್ತದ, ಬೇಗ ಕೊಡ್ರಿ" ಅನ್ನುತ್ತಿರುತ್ತಾರೆ.

ಮೊದಮೊದಲು ಕಂಪ್ಯೂಟರ್ ರೀಸ್ಟಾರ್ಟ್ ಮಾಡುತ್ತಿದ್ದೆ, ಎಷ್ಟೋ ಸಲ ಅದೇ ಜಾಬ್ ಮತ್ತೆ ಬಂದು ಕೂರುತ್ತಿತ್ತು. ಈಗ ಮಾಡುವುದು ಬೇರೆ. ವಿಂಡೋಸ್‌ನ ಸರ್ವಿಸಸ್ ತೆರೆದು, ಜಾಬ್‌ಗಳನ್ನು ಸಾಲಾಗಿ ಇಟ್ಟುಕೊಂಡು ಪ್ರಿಂಟರ್‌ಗೆ ಕಳಿಸುವ ಪ್ರಿಂಟ್ ಸ್ಪೂಲರ್ ನಿಲ್ಲಿಸುತ್ತೇನೆ, ಸಿ ಡ್ರೈವ್‌ನ ವಿಂಡೋಸ್ ಒಳಗೆ ಸಿಸ್ಟಂ32, ಅದರೊಳಗೆ ಸ್ಪೂಲ್, ಅಲ್ಲಿರುವ ಪ್ರಿಂಟರ್ಸ್ ಫೋಲ್ಡರ್‌ನಲ್ಲಿ ಒಂದೊಂದು ಜಾಬ್‌ಗೆ ಎಸ್‌ಪಿಎಲ್ ಒಂದು, ಎಸ್‌ಎಚ್‌ಡಿ ಒಂದು ಅಂತ ಎರಡು ಫೈಲು ಇರುತ್ತವೆ. ಅವನ್ನು ಅಳಿಸಿ ಸ್ಪೂಲರ್ ಮತ್ತೆ ಶುರು ಮಾಡಿದರೆ ಆಯ್ತು. ಒಂದು ನಿಮಿಷದ ಕೆಲಸ. ಫೋಲ್ಡರ್ ಖಾಲಿ ಮಾಡಿ, ಫೋಲ್ಡರನ್ನೇ ಅಳಿಸಬೇಡಿ.

ಎರಡನೇ ಕಾಟ 2019ರದ್ದು, ಇದಕ್ಕೆ ದುಡ್ಡೇ ಹೋಗುವುದರಲ್ಲಿತ್ತು. ಟೇಬಲ್ ಒರೆಸುವಾಗ ಕೇಬಲ್ ತೆಗೆದು ಪಕ್ಕದ ಯುಎಸ್‌ಬಿ ಪೋರ್ಟ್‌ಗೆ ಹಾಕಿದ್ದೆ. ಆಮೇಲೆ ಪ್ರಿಂಟರ್ 'ಆಫ್‌ಲೈನ್'. ರಿಪೇರಿಗೆ ಬಂದವರು ಬೋರ್ಡ್ ಹೋಗಿದೆ, 3,500 ಆಗುತ್ತದೆ ಅಂದರು. ಮನಸ್ಸು ಒಪ್ಪಲಿಲ್ಲ. ಪ್ರಿಂಟರ್‌ಗಳ ಪಟ್ಟಿ ತೆರೆದು ನೋಡಿದರೆ ಅದೇ ಹೆಸರು ಎರಡು ಸಲ, ಒಂದರ ಮುಂದೆ 'ಕಾಪಿ 1'. ಪೋರ್ಟ್ ಬದಲಾದಾಗ ವಿಂಡೋಸ್ ಇದನ್ನು ಹೊಸ ಪ್ರಿಂಟರ್ ಅಂದುಕೊಂಡು ಇನ್ನೊಮ್ಮೆ ಸೇರಿಸಿಕೊಂಡಿತ್ತು, ನನ್ನ ಪೇಜುಗಳೆಲ್ಲ ಖಾಲಿ ಬಿದ್ದ ಹಳೇ ಪೋರ್ಟ್‌ಗೆ ಹೋಗುತ್ತಿದ್ದವು. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್‌ನಲ್ಲಿ ಯುಎಸ್‌ಬಿ001 ಬದಲು 002 ಟಿಕ್ ಮಾಡಿದೆ, ಪೇಜು ಬಂತು. ಆವತ್ತೇ ಕೇಬಲ್‌ಗೂ ಪೋರ್ಟ್‌ಗೂ ಕೆಂಪು ನೇಲ್ ಪಾಲಿಶ್ ಹಚ್ಚಿದೆ, ಈಗ ಅಂಗಡಿಯ ಹುಡುಗಿಯೂ ತಪ್ಪು ಪೋರ್ಟ್‌ಗೆ ಹಾಕುವುದಿಲ್ಲ. ಜೊತೆಗೆ, ವಿಂಡೋಸ್ 10 ಮತ್ತು 11ರಲ್ಲಿ ಡಿಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ ಅನ್ನುವ ಆಯ್ಕೆ ಇದೆ, ಅದು ಆನ್ ಇದ್ದರೆ ಕೊನೆಗೆ ಬಳಸಿದ್ದೇ ಡಿಫಾಲ್ಟ್ ಆಗುತ್ತದೆ. ಪಿಡಿಎಫ್ ಪ್ರಿಂಟರ್ ಒಂದು ಸಲ ಬಳಸಿದರೆ ಮುಂದಿನ ಪೇಜು ಅಲ್ಲಿಗೇ. ಅದನ್ನು ಆಫ್ ಮಾಡಿ.

ಮಧ್ಯಾಹ್ನ ಊಟಕ್ಕೆ ಹೋಗಿ ಬಂದರೆ ಮೊದಲ ಪೇಜು ಬರದೇ ಇರುವುದು ಇನ್ನೊಂದು ತೊಂದರೆಯಾಗಿತ್ತು. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಬಳಸದೇ ಇದ್ದಾಗ ಯುಎಸ್‌ಬಿಯನ್ನು ಮಲಗಿಸುವ ಆಯ್ಕೆ) ನಿಲ್ಲಿಸಿದ ಮೇಲೆ ಅದು ಹೋಯ್ತು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು, ನಾನೂ 11ಕ್ಕೆ ಬಂದೆ. 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಹಾಗಾಗಿ ಪ್ರಿಂಟರ್ ಜೊತೆ ಬಂದ ಸಿಡಿಯ 32 ಬಿಟ್ ಡ್ರೈವರ್ ಕೂರಲಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ 64 ಬಿಟ್ ಡ್ರೈವರ್ ಸಿಕ್ಕಿತು, ಅದನ್ನು ಪೆನ್‌ಡ್ರೈವ್‌ನಲ್ಲಿ ಎತ್ತಿಟ್ಟಿದ್ದೇನೆ. ಹೋಲುವ ಮಾಡೆಲ್‌ನ ಡ್ರೈವರ್ ಹಾಕಿ ನೋಡಬೇಡಿ. ಇಂಥ ಪ್ರಿಂಟರ್‌ನಲ್ಲಿ ಪೇಜನ್ನು ಕಂಪ್ಯೂಟರೇ ಪೂರ್ತಿ ತಯಾರು ಮಾಡಿ ಕಳಿಸುವುದು, ಡ್ರೈವರ್ ತಪ್ಪಿದರೆ ಒಂದು ಸಾಲು ವಿಚಿತ್ರ ಅಕ್ಷರ ಬಿದ್ದ ಹಾಳೆಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ.

ಹರಿಹರದಲ್ಲಿ ನನ್ನ ತಂಗಿ ಈಗ ಅಂಗಡಿ ತೆರೆಯುತ್ತಿದ್ದಾಳೆ. ಅವಳಿಗೆ ಇದೇ ಮಾಡೆಲ್ ಹೇಳಲಿಲ್ಲ. ಕಂಪನಿ ಡ್ರೈವರ್ ಇಲ್ಲದೆ ವಿಂಡೋಸ್‌ನ ಡ್ರೈವರ್‌ನಲ್ಲೇ ನಡೆಯುವ, ಮೊಪ್ರಿಯಾ ಗುರುತಿರುವ ಪ್ರಿಂಟರ್ ನೋಡು ಅಂದೆ. ನಂದು ಮಾತ್ರ ಕೆಡುವವರೆಗೂ ಬಿಡುವುದಿಲ್ಲ.