ಹೈವೇಯಲ್ಲಿ ಇಂಜಿನ್ ಅರಚಬಾರದು ಅಂತ ಸ್ಪ್ರಾಕೆಟ್ ಬದಲಿಸಲು ಹೊರಟವರು ಹುಷಾರು

ಮೈಸೂರು, ಮಂಡ್ಯ ಕಡೆ 125 ಅಥವಾ 150 ಸಿಸಿ ಬೈಕ್ ಓಡಿಸುವವರು ದಯವಿಟ್ಟು ಇದನ್ನು ಓದಿ. ಸ್ಪ್ರಾಕೆಟ್ ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ. ಮುಂದಿನದು ಇಂಜಿನ್ ಹತ್ತಿರ, ಹಿಂದಿನದು ಹಿಂದಿನ ಚಕ್ರದಲ್ಲಿ ಇರುತ್ತೆ. ಗ್ಯಾರೇಜ್‌ನಲ್ಲಿ ಯಾರಾದರೂ ಮುಂದಿನ ಸ್ಪ್ರಾಕೆಟ್‌ಗೆ ಒಂದು ಹಲ್ಲು ಜಾಸ್ತಿ ಹಾಕಿಸಿಕೊಳ್ಳಿ ಅಂದರೆ ತಕ್ಷಣ ಒಪ್ಪಬೇಡಿ. ನನಗೂ ಹಾಗೇ ಹೇಳಿದರು. ಆಮೇಲೆ ನನ್ನ ಗಾಡಿಗೆ ಏನಾಯಿತು, ರಸ್ತೆಯಲ್ಲಿ ನಮ್ಮ ಜೀವಕ್ಕೆ ಎಷ್ಟು ಹತ್ತಿರ ಬಂತು ಅನ್ನೋದು ನಿಮಗೆ ಗೊತ್ತಿರಲಿ.

ನನ್ನದು 150 ಸಿಸಿ ಗಾಡಿ. 80ರ ಸ್ಪೀಡ್ ದಾಟಿದರೆ ಹ್ಯಾಂಡಲ್ ನಡುಗುತ್ತಿತ್ತು. ನಂಜನಗೂಡು ದಾಟಿ ಗುಂಡ್ಲುಪೇಟೆ ತಲುಪುವ ಹೊತ್ತಿಗೆ ಅಂಗೈ ಜುಮ್ಮೆನ್ನುತ್ತಿತ್ತು. ಮೈಸೂರಿನ ಒಂದು ಗ್ಯಾರೇಜ್‌ನಲ್ಲಿ ತೋರಿಸಿದೆ. "ಸಾರ್, ಮುಂದೆ 14 ಹಲ್ಲಿದೆ, 15 ಹಾಕಿಬಿಡೋಣ. ಇಂಜಿನ್ ಅರಚಲ್ಲ, ಮೈಲೇಜೂ ಬರುತ್ತೆ" ಅಂದ ಮೆಕ್ಯಾನಿಕ್. ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಗಾಡಿ ಕೊಟ್ಟ.

ಲೆಕ್ಕ ಏನೋ ಸರಿಯಾಗೇ ಇದೆ. ಹಿಂದೆ 42, ಮುಂದೆ 14 ಹಲ್ಲು ಇದ್ದಾಗ ಹಿಂದಿನ ಚಕ್ರ ಒಂದು ಸುತ್ತು ಬರೋಕೆ ಮುಂದಿನ ಸ್ಪ್ರಾಕೆಟ್ ಮೂರು ಸುತ್ತು ತಿರುಗಬೇಕು. ಮುಂದೆ 15 ಆದರೆ 2.8 ಸುತ್ತು ಸಾಕು. ಅಂದರೆ ಟಾಪ್ ಗೇರ್‌ನಲ್ಲಿ 80ಕ್ಕೆ 6000 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಬೇಕಿದ್ದ ಕಡೆ 5600 ಸಾಕು. ಖಾಲಿ ರಸ್ತೆಯಲ್ಲಿ, ಒಬ್ಬನೇ ಹೋಗುವಾಗ ನಡುಕ ಕಡಿಮೆ ಆಗಿದ್ದೂ ನಿಜ.

ಆದರೆ ಸ್ಪ್ರಾಕೆಟ್ ಬದಲಿಸಿದ ಮಾತ್ರಕ್ಕೆ ಇಂಜಿನ್ನಿನ ಶಕ್ತಿ ಹೆಚ್ಚಲ್ಲ. ಚಕ್ರಕ್ಕೆ ಸಿಗುವ ಎಳೆತ ಪ್ರತಿ ಗೇರ್‌ನಲ್ಲೂ ಅದೇ ಲೆಕ್ಕದಲ್ಲಿ ಕಡಿಮೆ ಆಗುತ್ತೆ. ಇತ್ತ ಸ್ಪೀಡ್ 60ರಿಂದ 80ಕ್ಕೆ ಏರಿದರೆ ಗಾಳಿಯ ತಡೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೆಚ್ಚುತ್ತೆ. ದೊಡ್ಡ ಇಂಜಿನ್ ಆದರೆ ಶಕ್ತಿ ಮಿಗುತ್ತೆ, ಹೇಗೋ ತೂಗಿಸಿಕೊಂಡು ಹೋಗುತ್ತೆ. ನಮ್ಮ ಗಾಡಿಗಳಲ್ಲಿ ಮಿಗೋದು ಎಲ್ಲಿಂದ ಬರಬೇಕು? ಎದುರು ಗಾಳಿ ಬಂದರೆ, ಸಣ್ಣ ಏರು ಸಿಕ್ಕರೆ ಐದನೇ ಗೇರ್ ಎಳೆಯಲ್ಲ. ನಾಲ್ಕಕ್ಕೆ ಇಳಿಸಬೇಕು. ಇಳಿಸಿದರೆ ಹಳೆಯ ಐದನೇ ಗೇರ್‌ಗಿಂತ ಜಾಸ್ತಿ ಆರ್‌ಪಿಎಂ! ಹಾಗಾಗಿ ಮೈಲೇಜ್ ಒಂದು ಚೂರೂ ಏರಲಿಲ್ಲ.

ಒಂದು ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಪಾಂಡವಪುರದ ಮೇಲೆ ಮೇಲುಕೋಟೆಗೆ ಹೊರಟಿದ್ದೆ. ಕಬ್ಬು ಕಡಿಯುವ ಕಾಲ. ಮುಂದೆ ಎರಡು ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್. ಜಲ್ಲೆಗಳು ಎರಡೂ ಕಡೆ ಚಾಚಿಕೊಂಡಿದ್ದವು. ಎದುರು ರಸ್ತೆ ಖಾಲಿ ಕಂಡಿತು. ನಾಲ್ಕನೇ ಗೇರ್‌ನಲ್ಲಿ ಬಲಕ್ಕೆ ಹೊರಟೆ. ಆ ಗೇರ್‌ನಲ್ಲಿ ಚಿಮ್ಮಿ ಮುಂದೆ ಹೋಗುತ್ತಿದ್ದ ಗಾಡಿ ಅದು. ಅವತ್ತು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಸದ್ದು ಬಂತೇ ಹೊರತು ಗಾಡಿ ಮುಂದಕ್ಕೆ ಹೋಗಲಿಲ್ಲ. ಎರಡನೇ ಟ್ರೈಲರ್ ಪಕ್ಕದಲ್ಲೇ ಇದ್ದೀವಿ, ತಿರುವಿನಿಂದ ಬಸ್ ಬಂತು. ಮೂರಕ್ಕೆ ಇಳಿಸಿ ಎಳೆಸುವಷ್ಟು ಹೊತ್ತಿರಲಿಲ್ಲ. ಬ್ರೇಕ್ ಒತ್ತಿ ಹಿಂದಕ್ಕೆ ಸರಿದೆ. ಕಬ್ಬಿನ ಗರಿ ಹೆಲ್ಮೆಟ್‌ಗೆ ಬಡಿಯಿತು. ಹೆಂಡತಿಯ ಕೈ ತರಚಿ ರಕ್ತ ಬಂತು. ಅಷ್ಟಕ್ಕೇ ಮುಗಿಯಿತು ಅನ್ನೋದು ನಮ್ಮ ಪುಣ್ಯ.

ಇನ್ನೊಂದು ವಿಷಯ. ಬೆಂಗಳೂರು–ಮೈಸೂರು ಹೈವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವೇ ಇಲ್ಲ. ನಾವು ಹೋಗೋದು ಸರ್ವಿಸ್ ರಸ್ತೆಯಲ್ಲಿ. ಟ್ರ್ಯಾಕ್ಟರ್, ಆಟೋಗಳೂ ಅಲ್ಲೇ. ಹಂಪ್, ಅಡ್ಡರಸ್ತೆ ಎಲ್ಲ ಸೇರಿ 40–50ರಲ್ಲೇ ದಾರಿ ಸಾಗುತ್ತೆ. ಹಾಗಿರುವಾಗ 80ಕ್ಕೆ ಹೊಂದಿಸಿದ ಗೇರಿಂಗ್ ಯಾಕೆ ಬೇಕು? ಮೊದಲು 40ರಲ್ಲಿ ಟಾಪ್ ಗೇರ್‌ನಲ್ಲೇ ಸಲೀಸಾಗಿ ಹೋಗುತ್ತಿದ್ದ ಗಾಡಿ ಜರ್ಕ್ ಹೊಡೆಯತೊಡಗಿತು. ಪ್ರತಿ ಹಂಪ್ ಆದಮೇಲೂ ಹಾಫ್ ಕ್ಲಚ್. ಚಾಮುಂಡಿ ಬೆಟ್ಟದ ಏರಿನಲ್ಲಿ ವಾಹನಗಳ ಸಾಲಲ್ಲಿ ನಿಂತು ಹೊರಡುವಾಗ ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ನನಗೆ ಹೆಚ್ಚು ಸಿಟ್ಟು ಬಂದದ್ದು ಆ ಕೆಲಸ ಮಾಡಿದ ರೀತಿಗೆ. ಮುಂದೆ ಒಂದು ಹಲ್ಲು ಜಾಸ್ತಿಯಾದರೆ ಅದೇ ಚೈನ್ ಬಿಗಿಯಾಗುತ್ತೆ. ಹಿಂದಿನ ಆಕ್ಸಲ್ ಸಡಿಲಿಸಿ ಚಕ್ರವನ್ನು ಸುಮಾರು 3 ಮಿ.ಮೀ. ಮುಂದಕ್ಕೆ ತರಬೇಕು. ಡ್ರಮ್ ಬ್ರೇಕ್ ಆದರೆ ಬ್ರೇಕ್ ರಾಡ್ ಕೂಡ ಮತ್ತೆ ಹೊಂದಿಸಬೇಕು. ಆ ಗ್ಯಾರೇಜ್‌ನಲ್ಲಿ ಆಕ್ಸಲ್ ನಟ್ ಮುಟ್ಟಿಯೇ ಇರಲಿಲ್ಲ. ಬಿಗಿ ಚೈನ್ ಹಾಗೇ ಏರಿಸಿ ಕಳಿಸಿದ್ದರು. ಹಿಂದೆ ಒಬ್ಬರು ಕೂತು ಗಾಡಿ ಕುಸಿದಾಗ ಚೈನ್ ಇನ್ನೂ ಬಿಗಿಯುತ್ತೆ. ಆ ಎಳೆತ ಎಲ್ಲ ಬೀಳೋದು ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟಿನ ಬೇರಿಂಗ್ ಮೇಲೆ.

ಇಂಜಿನ್ ಕೆಳಗೆ ಆಯಿಲ್ ತೊಟ್ಟಿಕ್ಕೋದು ಕಂಡ ಮೇಲೆ ಮಂಡ್ಯದಲ್ಲಿ ನಮಗೆ ಪರಿಚಯದ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಚೈನ್ ಮೇಲೆ ಬೆರಳಿಟ್ಟು ನೋಡಿ, "ಏನ್ ಸಾ ಇದು, ತಂಬೂರಿ ತಂತಿ ಬಿಗ್ದಂಗೆ ಬಿಗ್ದವ್ರೆ" ಅಂದರು. ಮುಂದಿನ ಸ್ಪ್ರಾಕೆಟ್ ಮೇಲಿನ ಕವರ್ ಬಿಚ್ಚಿದರು. ಒಳಗೆ ಕರಿ ಗ್ರೀಸ್ ತುಂಬ ಹೊಳೆಯುವ ಅಲ್ಯೂಮಿನಿಯಂ ಪುಡಿ. ದೊಡ್ಡ ಸ್ಪ್ರಾಕೆಟ್ ಮೇಲೆ ಚೈನ್ ಎತ್ತರಕ್ಕೆ ಬಂದು ಕವರ್‌ನ ಒಳಮೈಗೆ ಉಜ್ಜಿ, ಉಗುರು ಇಳಿಯುವಷ್ಟು ಗೀರು ಕೊರೆದಿತ್ತು. ಶಾಫ್ಟಿನ ಹತ್ತಿರ ಆಯಿಲ್ ಸೋರದಂತೆ ತಡೆಯುವ ಸೀಲ್ ಹೋಗಿತ್ತು. ಚೈನ್ ಅಲ್ಲಲ್ಲಿ ಬಿಗಿದು ಅಲ್ಲಲ್ಲಿ ಸಡಿಲವಾಗಿತ್ತು. ಸೀಲ್, ಹೊಸ ಚೈನ್ ಸ್ಪ್ರಾಕೆಟ್ ಕಿಟ್, ಕೂಲಿ ಸೇರಿ ಮೂರು ಸಾವಿರ ದಾಟಿತು. ಮೈಸೂರಿನ ಗ್ಯಾರೇಜ್‌ನವರು ಫೋನ್‌ನಲ್ಲಿ "ನೀವು ಓಡಿಸಿದ ರೀತಿ ಸರಿಯಿಲ್ಲ" ಅಂದು ಕೈತೊಳೆದುಕೊಂಡರು.

ಇಷ್ಟಕ್ಕೂ ಆ ನಡುಕಕ್ಕೆ ಕಾರಣ ಇಂಜಿನ್ನನ್ನು ಫ್ರೇಮ್‌ಗೆ ಹಿಡಿದಿಡುವ ಮೌಂಟಿಂಗ್ ಬೋಲ್ಟ್ ಒಂದು ಸಡಿಲವಾಗಿದ್ದದ್ದು! ಮಂಡ್ಯದ ಮೆಕ್ಯಾನಿಕ್ ಅದನ್ನು ಬಿಗಿದು, ಮುಂದೆ ಮತ್ತೆ 14 ಹಲ್ಲು ಹಾಕಿ ಕೊಟ್ಟರು. ಈಗ 80ರಲ್ಲಿ ಕೈ ಜುಮ್ಮೆನ್ನಲ್ಲ. ನಿಮ್ಮ ಗಾಡಿಯೂ ನಡುಗುತ್ತಿದ್ದರೆ ಮೊದಲು ಈ ಬೋಲ್ಟ್‌ಗಳು, ಚೈನ್, ಟೈರ್ ಗಾಳಿ ನೋಡಿಸಿ.

ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರ್‌ನ ಸೆನ್ಸರ್ ಚಕ್ರದಲ್ಲಿ ಇರಲ್ಲ, ಗೇರ್‌ಬಾಕ್ಸ್ ಹತ್ತಿರ ಇರುತ್ತೆ. ಅಂಥ ಗಾಡಿಗೆ ಮುಂದೆ 14ರ ಬದಲು 15 ಹಾಕಿದರೆ ನಿಜವಾಗಿ 80ರಲ್ಲಿ ಹೋಗುವಾಗ ಮೀಟರ್ 75ರ ಹತ್ತಿರ ತೋರಿಸುತ್ತೆ. ಓಡಿದ ಕಿಲೋಮೀಟರ್ ಕೂಡ ಕಡಿಮೆ ದಾಖಲಾಗುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ಮರೆಯಬೇಡಿ. ಮುಂದಿನ ಸ್ಪ್ರಾಕೆಟ್‌ನ ಕವರ್ ಬಿಚ್ಚಿಸಿ, ಎರಡೂ ಸ್ಪ್ರಾಕೆಟ್‌ಗಳ ಹಲ್ಲು ಎಣಿಸಿ. ಬಹಳಷ್ಟು ಸ್ಪ್ರಾಕೆಟ್‌ಗಳ ಮೇಲೆ ಸಂಖ್ಯೆ ಅಚ್ಚು ಹಾಕಿರುತ್ತಾರೆ. ಅದು ಕಂಪನಿ ಕೊಟ್ಟ ಸಂಖ್ಯೆಗೆ ತಾಳೆಯಾಗದಿದ್ದರೆ ಯಾಕೆ ಬದಲಿಸಿದ್ದು ಅಂತ ಮಾರುವವರನ್ನು ಕೇಳಿ, ಆಮೇಲೆ ದುಡ್ಡಿನ ಮಾತಾಡಿ.