ಬಾಯಿ ಒಣಗುವವರಿಗೆ ಬರುವ ಜೆಲ್: ಎರಡೂವರೆ ವರ್ಷ ಬಳಸಿದ ಮೇಲೆ

ನಮ್ಮ ಮನೆ ಬದಿಯಡ್ಕದ ಹತ್ತಿರ. ಅಪ್ಪನಿಗೆ ಕೆನ್ನೆಯ ಒಳಗೆ ಕ್ಯಾನ್ಸರ್ ಆಗಿ ಮಂಗಳೂರಿನಲ್ಲಿ ಆಪರೇಷನ್ ಆಯಿತು, ಆಮೇಲೆ 30 ಸಲ ರೇಡಿಯೇಶನ್. ರೋಗ ವಾಸಿಯಾಯಿತು, ಆದರೆ ಬಾಯಿಯ ಪಸೆ ಆರಿಹೋಯಿತು. ಜೊಲ್ಲಿನ ಗ್ರಂಥಿಗೆ ರೇಡಿಯೇಶನ್ ತಾಗಿದರೆ ಹೀಗಾಗುತ್ತದೆ ಎಂದು ನಮಗೆ ಮೊದಲೇ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಬೇಸರ ಈಗಲೂ ಇದೆ.

ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಅಂಗುಳಕ್ಕೆ ಅಂಟಿದ ನಾಲಿಗೆಯನ್ನು ನೀರು ಹಾಕಿ ಬಿಡಿಸಿಕೊಳ್ಳುತ್ತಿದ್ದರು. ಗಂಜಿ ಹೇಗೋ ಇಳಿಯುತ್ತಿತ್ತು. ಚಪಾತಿ, ಅವಲಕ್ಕಿ ಬಾಯಲ್ಲೇ ಉಳಿಯುತ್ತಿತ್ತು. ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ತುಟಿ, ನಾಲಿಗೆ ಅಂಟಿ ಬಿಡುವ ಚಟ್ ಚಟ್ ಶಬ್ದ ಮೈಕಿನಲ್ಲಿ ಕೇಳಿಸಿತೆಂದು ಅರ್ಥ ಹೇಳುವುದನ್ನೇ ಬಿಟ್ಟರು. ನಮಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಅದೇ.

ಮೊದಲು ತಂದದ್ದು ಸ್ಪ್ರೇ. ನಿಂಬೆಯ ರುಚಿಯದ್ದು. ಬಾಯಿ ಉರಿಯಿತು, ಹತ್ತು ನಿಮಿಷಕ್ಕೆ ಮತ್ತೆ ಒಣಗಿತು. ಆಮೇಲೆ ಹಲ್ಲಿನ ಡಾಕ್ಟರ್ ಹೇಳಿ ಜೆಲ್ ತಂದೆವು. ಎರಡು ಕಂಪನಿಯದ್ದು ಬಳಸಿದ್ದೇವೆ, ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಹೆಸರು ಬರೆಯುತ್ತಿಲ್ಲ.

ನೀರು ಕುಡಿದರೆ ಬಾಯಿ ಒದ್ದೆಯಾಗುತ್ತದೆ, ಆದರೆ ಜಾರುವುದಿಲ್ಲ. ತಲೆಗೆ ಗೊಂಪು ಹಾಕಿ ಮಿಂದವರಿಗೆ ಇದು ಬೇಗ ಅರ್ಥವಾಗುತ್ತದೆ. ದಾಸವಾಳದ ಸೊಪ್ಪು ಕಿವುಚಿದ ನೀರು ಬೆರಳ ಸಂದಿಯಲ್ಲಿ ಹೇಗೆ ಜಾರುತ್ತದೆ, ಅಲ್ವಾ? ಜೊಲ್ಲಿನಲ್ಲಿ ನೂರಕ್ಕೆ ಸುಮಾರು 99 ಪಾಲು ನೀರೇ. ಉಳಿದ ಚೂರಿನಲ್ಲಿರುವ ಮ್ಯೂಸಿನ್ ಎಂಬ ಪ್ರೋಟೀನು ನೀರನ್ನು ಹಿಡಿದಿಟ್ಟು ಆ ಲೋಳೆ ಕೊಡುತ್ತದೆ. ಜೆಲ್‌ನಲ್ಲಿ ಅದರ ಕೆಲಸವನ್ನು ಸೆಲ್ಯುಲೋಸಿನಿಂದ ಮಾಡಿದ ಅಂಟೋ, ಜಾಂತನ್ ಗಮ್ಮೋ ಮಾಡುತ್ತದೆ.

ಹಚ್ಚುವ ಕ್ರಮ ಕಲಿಯಲು ನಮಗೆ ಎರಡು ತಿಂಗಳು ಹಿಡಿಯಿತು. ಮೊದಮೊದಲು ನಾನು ಧಾರಾಳವಾಗಿ ಹಚ್ಚುತ್ತಿದ್ದೆ. ಬೆಳಗ್ಗೆ ನೋಡಿದರೆ ತುಟಿಯ ಮೂಲೆಯಲ್ಲಿ, ಅಂಗುಳದಲ್ಲಿ ಗಂಜಿ ತಿಳಿ ಒಣಗಿದ ಹಾಗೆ ಬಿಳಿ ಪೊರೆ. ಕೀಳಲು ಹೋದರೆ ಚರ್ಮವೂ ಬರುತ್ತಿತ್ತು. ಈಗ ಮೊದಲು ಒಂದು ಗುಟುಕು ನೀರಲ್ಲಿ ಬಾಯಿ ಮುಕ್ಕಳಿಸುತ್ತಾರೆ. ಒದ್ದೆ ಇರುವಾಗಲೇ ಕಡಲೆಕಾಳಿನಷ್ಟು ಜೆಲ್ ಬೆರಳಲ್ಲಿ ತೆಗೆದು ನಾಲಿಗೆ, ಒಸಡು, ಕೆನ್ನೆಯ ಒಳಗೆ ತೆಳ್ಳಗೆ ಸವರುತ್ತಾರೆ. ಬೆರಳಲ್ಲಿ ಉಳಿದದ್ದು ತುಟಿಗೆ. ಹಲ್ಲಿನ ಸೆಟ್ ಇರುವವರು ಅದರ ಒಳಮೈಗೂ ಹಚ್ಚಬಹುದು, ಉಜ್ಜಿ ಹುಣ್ಣಾಗುವುದು ಕಡಿಮೆಯಾಗುತ್ತದೆ. ಹಳೆಯ ಪೊರೆ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿಯೇ ಹೊಸತು ಹಚ್ಚಬೇಕು.

ಮಲಗುವಾಗ ಹಚ್ಚಿದರೆ ಮೂರು, ನಾಲ್ಕು ಗಂಟೆ ನಿದ್ದೆ ಗ್ಯಾರಂಟಿ. ಊಟಕ್ಕೆ ಮೊದಲು ಹಚ್ಚಿದರೆ ಚಪಾತಿ ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ರುಚಿ ಮಾತ್ರ ಸ್ವಲ್ಪ ಮಂದವಾಗುತ್ತದೆ. ಪುದೀನದ ಖಾರ ಇರುವುದು ಬೇಡ, ರುಚಿ ಇಲ್ಲದ್ದೇ ಒಳ್ಳೆಯದು. ಐದರಲ್ಲಿ ನಾಲ್ಕು ಕೊಡುತ್ತೇನೆ.

ಒಂದು ಕಡಿಮೆ ಮಾಡಿದ್ದು ಹಲ್ಲಿನ ವಿಷಯಕ್ಕೆ. ಜೊಲ್ಲು ಹುಳುಕಿನಿಂದ ಕಾಯುವ ಹಾಗೆ ಜೆಲ್ ಕಾಯುವುದಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಅಪ್ಪನ ಎರಡು ಹಲ್ಲು ಹೋದವು. ಫ್ಲೋರೈಡ್ ಪೇಸ್ಟ್ ಬಿಡಬೇಡಿ. ಸ್ವಂತ ಹಲ್ಲು ಇರುವವರು ಹುಳಿ ಅಂಶದ ಸ್ಪ್ರೇ, ಜೆಲ್ ಎರಡನ್ನೂ ದೂರ ಇಡಿ. ಬಾಯಲ್ಲಿ ಉರಿಯ ಜೊತೆ ಬಿಳಿ ಮಚ್ಚೆ ಕಂಡರೆ ಅದು ಫಂಗಸ್ ಇರಬಹುದು. ಜೆಲ್ ಹಚ್ಚಿ ಸುಮ್ನೆ ಕೂರದೆ ಡಾಕ್ಟರಿಗೆ ತೋರಿಸಿ.

ಇನ್ನೂ ಒಳ್ಳೆಯದು ಬರಬಹುದು ಎಂಬ ಆಸೆ ನನಗಿದೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಅನ್ವೇಷಾ ಸರ್ಕಾರ್ ಅವರ ತಂಡ ಹಾಲಿನ ಅಥವಾ ಆಲೂಗಡ್ಡೆಯ ಪ್ರೋಟೀನಿನಿಂದ ಮೈಕ್ರೋಜೆಲ್ ಮಾಡಿದೆ. ನೀರಲ್ಲಿ ಉಬ್ಬಿದ ಕಾಮಕಸ್ತೂರಿ ಬೀಜವನ್ನು ಕಣ್ಣಿಗೆ ಕಾಣದಷ್ಟು ಸಣ್ಣದು ಮಾಡಿದಂತೆ ಎಂದು ಯೋಚಿಸಿ. ಮೆತ್ತಗಿನ ಕಣ, ಒಳಗೆ ನೀರು, ಸುತ್ತ ಇನ್ನೊಂದು ಜೆಲ್. ನಾಲಿಗೆ ಒತ್ತಿದಾಗ ಒಡೆಯದೆ ಜಾರುತ್ತದೆ, ಮೇಲ್ಮೈ ಬಿಟ್ಟು ಬೇಗ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವವಕ್ಕಿಂತ ನಾಲ್ಕೈದು ಪಟ್ಟು ಚೆನ್ನಾಗಿ ಕೆಲಸ ಮಾಡಿತೆಂದು 2023ರಲ್ಲಿ ಪ್ರಕಟಿಸಿದರು. ಅದು ಲ್ಯಾಬಿನಲ್ಲಿ ಮಾಡಿದ ಪರೀಕ್ಷೆ. ನಮ್ಮ ಟ್ಯೂಬಿನಲ್ಲಿ ಇರುವುದು ಅದಲ್ಲ.

ಹೋದ ನವರಾತ್ರಿಗೆ ಅಪ್ಪ ಮತ್ತೆ ಕೂಟಕ್ಕೆ ಕೂತರು. "ದೊಡ್ಡ ಪಾತ್ರ ಬೇಡ ಮಗಾ, ವಿದುರ ಸಾಕು" ಎಂದಿದ್ದರು. ಭಾಗವತರು ಪದ ಹೇಳುವಾಗ ಆಚೆ ತಿರುಗಿ ಜೆಲ್ ಸವರಿಕೊಂಡರು. ಇಪ್ಪತ್ತು ನಿಮಿಷ ಮಾತಾಡಿದರು. ನಾನು ಸ್ಪೀಕರಿನ ಪಕ್ಕವೇ ನಿಂತಿದ್ದೆ. ಚಟ್ ಶಬ್ದ ಎರಡೇ ಸಲ ಬಂತು.

50 ಗ್ರಾಮಿನ ಟ್ಯೂಬ್ ನಮಗೆ ಮೂರು ವಾರ ಬರುತ್ತದೆ. ಬಿಸಿಲಲ್ಲಿ ಕಾರಿನೊಳಗೆ ಇಟ್ಟರೆ ನೀರು ಬಿಡುತ್ತದೆ. ಝೈಲಿಟಾಲ್ ಎಂಬ ಸಿಹಿ ಅಂಶ ಇರುವ ಜೆಲ್ ಆದರೆ ನಾಯಿಗೆ ಸಿಗದ ಹಾಗೆ ಇಡಿ, ಅದಕ್ಕೆ ಅದು ವಿಷ.