ತುರ್ತು ಗರ್ಭನಿರೋಧಕ ಮಾತ್ರೆ: ವಾಸ್ಕೋದ ಒಂದು ಭಾನುವಾರದ ಅನುಭವ

ಲೆವೊನೋರ್ಜೆಸ್ಟ್ರೆಲ್ ಎಂಬ ಹಾರ್ಮೋನಿನ 1.5 ಮಿಲಿಗ್ರಾಂನ ಈ ಒಂದೇ ಮಾತ್ರೆ ಐ-ಪಿಲ್, ಅನ್‌ವಾಂಟೆಡ್-72 ಮೊದಲಾದ ಹೆಸರುಗಳಲ್ಲಿ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಕಳೆದ ಮಳೆಗಾಲದಲ್ಲಿ ಗೋವೆಯ ವಾಸ್ಕೋದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗಾಗಿ ಇದನ್ನು ಕೊಂಡೆ. ಗದಗಿನ ಕಡೆಯಿಂದ ಮದುವೆಯಾಗಿ ಬಂದ ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಶನಿವಾರ ರಾತ್ರಿ ನಿರೋಧ್ ಹರಿದಿತ್ತು. ಭಾನುವಾರ ಬೆಳಿಗ್ಗೆ ಅವಳು ನನ್ನ ಬಾಗಿಲು ತಟ್ಟಿದಳು.

ಮೊದಲು ಹೋದ ಅಂಗಡಿಯಲ್ಲಿ ಡಾಕ್ಟರ ಚೀಟಿ ಕೇಳಿದರು. ಅಲ್ಲಿದ್ದ ನಾಲ್ಕು ಗಿರಾಕಿಗಳಿಗೂ ಕೇಳುವಂತೆ "ಮದುವೆ ಆಗಿದೆಯೇ?" ಎಂದೂ ವಿಚಾರಿಸಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೊರಗೆ ನಡೆದುಬಿಟ್ಟಳು. ಈ ಮಾತ್ರೆಗೆ 2005ರಿಂದಲೇ ನಮ್ಮ ದೇಶದಲ್ಲಿ ವೈದ್ಯರ ಚೀಟಿ ಬೇಕಾಗಿಲ್ಲ, ಮದುವೆಯ ವಿಚಾರವಂತೂ ಅಂಗಡಿಯವರಿಗೆ ಸಂಬಂಧಿಸಿದ್ದೇ ಅಲ್ಲ. ಇಂಥ ಒಂದು ಪ್ರಶ್ನೆಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಮನೆಗೆ ಹಿಂದಿರುಗುತ್ತಾರೆ, ಅಷ್ಟರಲ್ಲಿ ಅತ್ಯಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ದಾರಿಯಲ್ಲಿ ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಅಕ್ಕಾರ, ಇದು ಗರ್ಭ ತೆಗಿಯೋ ಗುಳಗಿ ಏನ್ರೀ?" ಅಲ್ಲ. ಈ ಮಾತ್ರೆ ಅಂಡಾಣುವಿನ ಬಿಡುಗಡೆಯನ್ನು ಮುಂದೂಡುತ್ತದೆ; ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೂ ಬದುಕಿರಬಲ್ಲವಾದ್ದರಿಂದ, ಅವುಗಳ ಆಯುಸ್ಸು ಮುಗಿಯುವವರೆಗೆ ಅಂಡಾಣು ಹೊರಬರದಂತೆ ತಡೆಯುವುದೇ ಇದರ ಕೆಲಸ. ಅಂಡಾಣು ಆಗಲೇ ಹೊರಬಿದ್ದಿದ್ದರೆ ಹೆಚ್ಚು ಪ್ರಯೋಜನವಿಲ್ಲ. ಗರ್ಭ ನಿಂತಮೇಲೆ ಅದನ್ನು ತೆಗೆಯುವ ಶಕ್ತಿ ಇದಕ್ಕಿಲ್ಲ, ಇರುವ ಗರ್ಭಕ್ಕೆ ಹಾನಿಯನ್ನೂ ಮಾಡುವುದಿಲ್ಲ. ಆದ್ದರಿಂದಲೇ ಪೊಟ್ಟಣದ ಮೇಲಿನ 72 ಗಂಟೆಯನ್ನು ನೋಡಿ "ಇನ್ನೂ ಮೂರು ದಿನ ಇದೆಯಲ್ಲ" ಎಂದು ಕೂರಬಾರದು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು.

ಎರಡನೆಯ ಅಂಗಡಿಯಲ್ಲಿ ಫಾರ್ಮಸಿಸ್ಟ್ ಒಬ್ಬ ಹೆಣ್ಣುಮಗಳು. ಅವರು ನಮ್ಮನ್ನು ಗಲ್ಲೆಯ ಬದಿಗೆ ಕರೆದು, ಕೊಂಕಣಿ ಬೆರೆತ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು: ಘಟನೆ ನಡೆದು ಎಷ್ಟು ಹೊತ್ತಾಯಿತು, ಕಳೆದ ಮುಟ್ಟು ಯಾವಾಗ, ಟಿಬಿಗೆ ಅಥವಾ ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ? ಕೊನೆಯ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್ ಮತ್ತು ಫಿಟ್ಸ್‌ನ ಕೆಲವು ಔಷಧಗಳು ಈ ಮಾತ್ರೆಯ ಬಲವನ್ನು ಕುಗ್ಗಿಸುತ್ತವೆ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಮಾತ್ರೆ ಬೇಕಾಗುತ್ತದೆಂದೂ, ಇದು ಆಗಿಹೋದದ್ದಕ್ಕೆ ಮಾತ್ರ, ಮುಂದಿನದಕ್ಕೆ ರಕ್ಷಣೆಯಲ್ಲವೆಂದೂ ತಿಳಿಸಿದರು. ಬಳಿಕ ಬಿಳಿ ಕಾಗದದ ಚೀಲದ ಮೇಲೆ, ಅವಳಿಗೆ ಓದಲು ಬರುವ ಅಂಕಿಗಳಲ್ಲಿ, ನುಂಗಿದ ವೇಳೆಯನ್ನೂ ಎರಡು ಗಂಟೆ ಮುಗಿಯುವ ವೇಳೆಯನ್ನೂ ಬರೆದು ಕೊಟ್ಟರು: 11.20, 1.20. ಅಲ್ಲೇ ನೀರನ್ನೂ ಕೊಟ್ಟರು.

ಪೊಟ್ಟಣದ ಬಗ್ಗೆ ನನ್ನ ತಕರಾರಿದೆ. ಅಂಗೈಯಗಲದ ಹಾಳೆಯ ನಡುವೆ ಒಂದೇ ಒಂದು ಪುಟ್ಟ ಮಾತ್ರೆ, ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಮಡಿಕೆ ಚೀಟಿ. ಅದರಲ್ಲಿ ಕನ್ನಡದ ಒಂದು ಸಾಲೂ ಇರಲಿಲ್ಲ. ಕನ್ನಡವಲ್ಲದೆ ಬೇರೆ ಭಾಷೆ ಬಾರದವರು ಗೋವೆಯಲ್ಲಿ ಸಾವಿರಾರು ಮಂದಿ ದುಡಿಯುತ್ತಿರುವಾಗ, ಚಿತ್ರಗಳಲ್ಲಾದರೂ ವಿವರಿಸಬಹುದಿತ್ತು. ಬೆಲೆಯೂ ದಿನಗೂಲಿಯವರಿಗೆ ಹಗುರವಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದೇ ಮಾತ್ರೆ ಉಚಿತ, ಆದರೆ ಅಂದು ಭಾನುವಾರ.

ಸಂಜೆ ಅವಳಿಗೆ ಸ್ವಲ್ಪ ತಲೆಸುತ್ತು, ಹೊಟ್ಟೆ ತೊಳೆಸಿದ ಹಾಗಾಯಿತು, ಮರುದಿನ ಸರಿಹೋಯಿತು. ಮುಟ್ಟು ವಾರಕ್ಕಿಂತ ಹೆಚ್ಚು ತಡವಾದರೆ ಗರ್ಭಪರೀಕ್ಷೆ ಮಾಡಿಸಲೇಬೇಕು. ಅವಳಿಗೆ ಐದು ದಿನ ತಡವಾಯಿತು, ಆ ಐದೂ ದಿನ ಬೆಳಿಗ್ಗೆ ನಲ್ಲಿಯ ಬಳಿ ಅವಳ ಮುಖವನ್ನೇ ನೋಡುತ್ತಿದ್ದೆ. ಆರನೆಯ ದಿನ ಅವಳೇ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ಮುಂದಿನ ವಾರ ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನವಾದ ಕಾಪರ್‌ ಟಿಯ ಬಗ್ಗೆ ವಿಚಾರಿಸಿದೆವು. ಗಂಡಹೆಂಡಿರು ಕೂಡಿದ ಐದು ದಿನದೊಳಗೆ ಹಾಕಿಸಿದರೆ ಅದೂ ತುರ್ತು ಉಪಾಯವೇ, ಮಾತ್ರೆಗಿಂತ ಹೆಚ್ಚು ಖಚಿತವೂ ಹೌದು ಎಂದು ಅಲ್ಲಿನ ನರ್ಸ್ ಹೇಳಿದಾಗ ಅವಳು, "ಇದನ್ನ ಮೊದಲ ಯಾರೂ ಹೇಳಲಿಲ್ಲಲ್ರೀ ಅಕ್ಕಾರ" ಎಂದಳು.